ಕಂಚಿನ ನಾಣ್ಯಕ್ಕೆ ಹಸಿರು ಪುಡಿ ಬಂದಿದೆ, ತಿಕ್ಕಬಹುದಾ?

ಮಲ್ಪೆ ಕಡೆಯವ: ನನ್ನ ಹತ್ತಿರ ಈಜಿಪ್ಟಿನ ಟಾಲೆಮಿ ರಾಜರ ಕಾಲದ ಕಂಚಿನ ನಾಣ್ಯ ಒಂದಿದೆ. ಒಂದು ಕಡೆ ಟಗರಿನ ಕೊಂಬಿನ ಜೀಯಸ್-ಅಮ್ಮೋನ್ ದೇವರು, ಇನ್ನೊಂದು ಕಡೆ ಸಿಡಿಲಿನ ಮೇಲೆ ನಿಂತ ಹದ್ದು. ಎರಡೂ ಕಡೆ ನಡುವೆ ಸಣ್ಣ ಗುಳಿ. ಮಳೆ ಹಿಡಿದ ಮೇಲೆ ಹದ್ದಿನ ರೆಕ್ಕೆ ಹತ್ತಿರ ತಿಳಿ ಹಸಿರು ಪುಡಿ ಬಂದಿದೆ. ಉಗುರು ತಾಗಿದರೆ ಉದುರುತ್ತದೆ. ಅಮ್ಮ, "ಹುಣಸೆಹುಳಿ ಹಾಕಿ ತಿಕ್ಕು, ದೀಪದ ಹಾಗೆ ಹೊಳೀತದೆ" ಅಂತಾರೆ.

ಹಳೇ ದುಡ್ಡು: ಬೇಡ ಮಾರಾಯ್ರೇ! 2,000 ವರ್ಷದಿಂದ ಕೂತ ಕಪ್ಪು ಪದರ ಹೋದರೆ ವಾಪಸ್ ಬರುವುದಿಲ್ಲ. ಇದು ಕಂಚಿನ ರೋಗ. ಲೋಹದೊಳಗೆ ಸೇರಿದ ಕ್ಲೋರೈಡ್‌ಗೆ ತೇವ ಸಿಕ್ಕಿದರೆ ತಾಮ್ರವನ್ನು ತಿನ್ನುತ್ತಾ ಹೋಗುತ್ತದೆ. ನಮ್ಮ ಕರಾವಳಿ ಹವೆ ಅದಕ್ಕೆ ಹಬ್ಬ. ಪುಡಿಯನ್ನು ಮರದ ಕಡ್ಡಿಯಿಂದ ತೆಗೆಯಿರಿ. ಡಿಸ್ಟಿಲ್ಡ್ ವಾಟರ್‌ನಲ್ಲಿ ಕೆಲವು ವಾರ ನೆನೆಸಿ, ನೀರು ಬದಲಿಸ್ತಾ ಇರಿ. ಬಾವಿ ನೀರು ಬೇಡ. ಪೂರ್ತಿ ಒಣಗಿದ ಮೇಲೆ ತೇವ ಹೀರುವ ಸಿಲಿಕಾ ಜೆಲ್ ಜೊತೆ ಬಿಗಿ ಡಬ್ಬಿಯಲ್ಲಿಡಿ.

ಕದ್ರಿ ಗುಡ್ಡೆ: ಪಿವಿಸಿ ಕವರ್‌ನಲ್ಲಿ ಇಟ್ಟಿದ್ದೀರಾ? ಅದೂ ಹಸಿರು ಮಾಡುತ್ತದೆ, ಆದರೆ ಅಂಟಂಟು. ನಿಮ್ಮದು ಪುಡಿ ಅಲ್ವಾ, ಹಾಗಾದರೆ ರೋಗವೇ. ಬೇರೆ ನಾಣ್ಯಗಳಿಂದ ದೂರ ಇಡಿ. ಗುಳಿ ಬಗ್ಗೆ ಹೆದರಬೇಡಿ, ಅದು ಟಂಕಸಾಲೆಯಲ್ಲೇ ಆದದ್ದು.

ಮಲ್ಪೆ ಕಡೆಯವ: ನೆನೆಸಿಟ್ಟೆ. ಉಪ್ಪಿನಕಾಯಿಯ ಖಾಲಿ ಬಾಟಲಿ, ಮೂರು ಸಲ ತೊಳೆದದ್ದು. ಅಮ್ಮನಿಗೆ ಮುಟ್ಟಬೇಡಿ ಅಂತ ಚೀಟಿ ಅಂಟಿಸಿದ್ದೇನೆ.