ಸಹಾಯ ಬೇಕು: ಇಮೇಲ್ ಸರ್ವರ್‌ಗೆ ಹಾಕುವ ದುಡ್ಡು ವಾಪಸ್ ಬರುತ್ತದಾ?

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. 45 ಜನರ ಮೇಲ್ ನಮ್ಮದೇ ಎಕ್ಸ್‌ಚೇಂಜ್ 2016 (ಮೈಕ್ರೋಸಾಫ್ಟ್‌ನ ಮೇಲ್ ತಂತ್ರಾಂಶ) ಸರ್ವರ್‌ನಲ್ಲಿದೆ. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. ಭದ್ರತೆಯದ್ದೇ ನನಗೆ ಜಾಸ್ತಿ ಭಯ.

ಹೊಸ ಯಂತ್ರ ಕೊಂಡು ಅದರ ಹೊಸ ಆವೃತ್ತಿಯಾದ ಎಕ್ಸ್‌ಚೇಂಜ್ ಸಬ್‌ಸ್ಕ್ರಿಪ್ಷನ್ ಎಡಿಷನ್ ಹಾಕಬಹುದು. ಇಲ್ಲವೇ ತಿಂಗಳ ಬಾಡಿಗೆಯ ಕ್ಲೌಡ್ ಮೇಲ್‌ಗೆ ಹೋಗಬಹುದು. "ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸ್ ಬರುತ್ತೆ?" ಎಂದು ಮಾಲೀಕರು ಕೇಳುತ್ತಿದ್ದಾರೆ. ನ್ಯಾಯವಾದ ಪ್ರಶ್ನೆ ಅಲ್ವಾ?

ಐದು ವರ್ಷದ ಲೆಕ್ಕ ಶುರು ಮಾಡಿದ್ದೇನೆ. ಯಂತ್ರ, ಲೈಸೆನ್ಸ್, ಯುಪಿಎಸ್, ಎಸಿ ಕರೆಂಟು, ಬ್ಯಾಕಪ್ ಎಲ್ಲ ಒಂದು ಕಡೆ. ಇನ್ನೊಂದು ಕಡೆ 45 ಜನರ 60 ತಿಂಗಳ ಬಾಡಿಗೆ. ಇಷ್ಟು ಸುಲಭ. ನಾನು ಸಿಕ್ಕಿಕೊಂಡಿರುವುದು ಬೇರೆ ಕಡೆ. ಕಳೆದ ತಿಂಗಳು ಡಿಸ್ಕ್ ಕೆಟ್ಟು ಒಂದೂವರೆ ದಿನ ಮೇಲ್ ನಿಂತಿತ್ತು. ಗ್ರಾಹಕರೊಬ್ಬರಿಗೆ ಕೊಟೇಶನ್ ಕಳಿಸುವುದು ತಡವಾಗಿ ಆರ್ಡರ್ ಕೈತಪ್ಪಿತು. ತುಂಬಾ ಬೇಜಾರಾಯಿತು. ಇಂಥ ನಷ್ಟಕ್ಕೆ ಬೆಲೆ ಕಟ್ಟುವುದು ಹೇಗೆ? ನಿಂತ ಗಂಟೆಗಳನ್ನು ಸಂಬಳದಿಂದ ಗುಣಿಸಿದರೆ ಸಾಕಾ?

ಇನ್ನೊಂದು ವಿಷಯ. ಕೊಂಡ ಯಂತ್ರಕ್ಕೆ ಆದಾಯ ತೆರಿಗೆಯಲ್ಲಿ ವರ್ಷಕ್ಕೆ 40% ಸವಕಳಿ ಇದೆ. ಬಾಡಿಗೆಯಾದರೆ ಪೂರ್ತಿ ಆ ವರ್ಷದ ಖರ್ಚು. ಇದನ್ನೂ ಸೇರಿಸಬೇಕಾ?

ಈ ಲೆಕ್ಕ ಮಾಡಿದವರು ದಯವಿಟ್ಟು ಹೇಳಿ. ನಿಮ್ಮ ಎಕ್ಸೆಲ್ ಹಾಳೆ ಇದ್ದರೆ ಅಂಕಿ ತೆಗೆದು ಕೊಟ್ಟರೂ ಸಾಕು.