ನಾಯಿಯ ಬಾಯಿಗೆ ಬಿದ್ದ ಹುಲಿ

"ಇಮ್ಯುನಿಟಿ ಕಡಿಮೆಯಾಗಿದೆ," ಎಂದು ಶೀನ ತೀರ್ಪು ಕೊಟ್ಟ. ಅವನ ಲೆಕ್ಕದಲ್ಲಿ ಬಸ್ ತಪ್ಪಿದರೂ ಅದೇ ಕಾರಣ.

ರಾಯರ ನಾಯಿ ಟಾಮಿಗೆ ಎಂಟು ತಿಂಗಳು. ತುಟಿಯ ಒಳಗೆ, ನಾಲಗೆಯ ಮೇಲೆ, ಹೂಕೋಸಿನ ಚೂರು ಅಂಟಿಸಿದಂತೆ ನರಹುಲಿ.

"ಡಾಕ್ಟರು ಏನೆಂದರು?" ಎಂದ ನಾಣಿ.

"ಸುಮ್ಮನಿರಿ, ಒಂದೆರಡು ತಿಂಗಳಲ್ಲಿ ತಾನಾಗಿ ಉದುರುತ್ತದೆ ಎಂದರು."

"ಸುಮ್ಮನಿರುವುದಕ್ಕೂ ಫೀಸು ಕೊಟ್ಟಿರಾ?" ಶೀನನಿಗೆ ಸಂಕಟ. "ಅಮೃತಬಳ್ಳಿ, ಅರಿಶಿನ, ಮೆಣಸು ಹಾಕಿ ಕಷಾಯ ಕುಡಿಸಿ. ಎರಡೇ ತಿಂಗಳಲ್ಲಿ ಮಾಯ!"

"ಡಾಕ್ಟರು ಹೇಳಿದ ಎರಡು ತಿಂಗಳೇ ತಾನೇ?" ಎಂದ ನಾಣಿ. "ಈ ನರಹುಲಿ ತರುವ ಪ್ಯಾಪಿಲೋಮಾ ವೈರಸ್ ರಕ್ತಕ್ಕೆ ಇಳಿಯುವುದಿಲ್ಲ, ಮೇಲ್ಚರ್ಮದಲ್ಲೇ ಸಂಸಾರ ಹೂಡುತ್ತದೆ. ಬಾಗಿಲ ಹೊರಗೆ ಚಪ್ಪಲಿ ಬಿಡುವಲ್ಲಿ ಬಿಡಾರ ಮಾಡಿದವನು ಒಳಗಿದ್ದವರಿಗೆ ತಡವಾಗಿಯೇ ಕಾಣುವುದು. ಕಂಡ ಮೇಲೆ ದೇಹದ ಸೈನಿಕರಾದ ಟಿ ಜೀವಕೋಶಗಳು ಹುಲಿಯೊಳಗೇ ನುಗ್ಗುತ್ತವೆ, ಅದು ಮುದುಡುತ್ತದೆ. ಪ್ರತಿಕಾಯಗಳು ಕಾವಲಿಗೆ ನಿಲ್ಲುತ್ತವೆ, ಅದೇ ವೈರಸ್ ಮತ್ತೆ ಬಂದರೆ ಬಾಗಿಲಲ್ಲೇ ತಡೆ. ದೇಹ ನಿಜವಾಗಿ ಸೋತ ನಾಯಿಯಲ್ಲಿ ಹುಲಿ ಉಳಿಯುವುದುಂಟು. ಅದನ್ನು ನೋಡಬೇಕಾದವರು ಡಾಕ್ಟರು, ನಿನ್ನ ಕಷಾಯವಲ್ಲ."

"ನಾಯಿಯ ವಿಷಯ ಇಷ್ಟು ಓದಿದ್ದೀಯಲ್ಲ!"

"ಓದಬೇಕಾದ ನಾಯಿಗಳೇ. ಈ ವೈರಸ್ಸಿನ ಹೊರಚಿಪ್ಪಿನ ಪ್ರೋಟೀನು ಚುಚ್ಚಿಸಿಕೊಂಡ ಬೀಗಲ್ ನಾಯಿಗಳಿಗೆ ನರಹುಲಿ ಏಳಲಿಲ್ಲವೆಂದು 1995ರಲ್ಲೇ ತೋರಿಸಿದರು. 2006ರಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ ಬಂದಿತಲ್ಲ, ಅದೂ ಇದೇ ಕುಲದ ವೈರಸ್ಸಿನ ಖಾಲಿ ಚಿಪ್ಪು."

ಅಷ್ಟಾದರೂ ಮಾರನೆಯ ದಿನ ಕಷಾಯದ ಬಾಟಲಿ ರಾಯರ ಮನೆ ಸೇರಿತು. ಏಳನೆಯ ವಾರ ಟಾಮಿಯ ಬಾಯಿ ನುಣ್ಣಗಾಯಿತು. ಶೀನ ಮೀಸೆ ತಿರುವಿಕೊಂಡು ಜಗಲಿಗೆ ಬಂದ.

"ಹೇಗೆ ನನ್ನ ಮದ್ದು?"

ರಾಯರು ಕೆಮ್ಮಿದರು. "ವಾಸನೆಗೇ ಟಾಮಿ ಮಂಚದ ಕೆಳಗೆ ಓಡುತ್ತಿತ್ತು. ದಿನಾ ದಾಸವಾಳದ ಬುಡಕ್ಕೆ ಸುರಿದೆ."

"ಹಾಗಾದರೆ ಆ ದಾಸವಾಳಕ್ಕೆ ಈ ಜನ್ಮದಲ್ಲಿ ನರಹುಲಿ ಬಾರದು," ಎಂದ ನಾಣಿ.

ಶೀನನೂ ನಕ್ಕ. ರಾಯರು ಮಾತ್ರ ಹೆಬ್ಬೆರಳನ್ನೇ ನೋಡಿಕೊಳ್ಳುತ್ತಿದ್ದರು. "ನನಗೂ ಇಲ್ಲೊಂದು ಇತ್ತು. ಜಟಕಾ ಸ್ಟ್ಯಾಂಡಿಗೆ ಹೋಗಿ, ಗಾಡಿಯವನನ್ನು ಕಾಡಿಬೇಡಿ, ಕುದುರೆ ಬಾಲದ ಒಂದೇ ಒಂದು ಕೂದಲು ತಂದು ಅಜ್ಜಿ ಬಿಗಿಯಾಗಿ ಕಟ್ಟಿದ್ದಳು. ರಾತ್ರಿಯಿಡೀ ಬೆರಳು ಹಿಡಿದುಕೊಂಡೇ ಮಲಗುತ್ತಿದ್ದಳು. ಉದುರಿಹೋಯಿತು."

ನಾಣಿ ಏನೋ ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡ.

"ಎಲ್ಲಿ, ಯಾವ ಕಡೆ ಇತ್ತು?" ಎಂದು ಕನ್ನಡಕ ಏರಿಸಿಕೊಂಡು ಬಗ್ಗಿದ.