ಜುನಿಪರ್ ಬೋನ್ಸಾಯ್: ಮೊದಲ ಸಲ ಕತ್ತರಿ ಹಾಕುವ ಮುಂಚೆ ಕೆಲವು ಪ್ರಶ್ನೆಗಳು

ಎಡಿಸನ್ ಕನ್ನಡತಿ:

ಎಲ್ಲರಿಗೂ ನಮಸ್ಕಾರ. ನಾನಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಸೆಪ್ಟೆಂಬರ್ ಸೇಲ್‌ನಲ್ಲಿ ಒಂದು ಜುನಿಪರ್ ಗಿಡ ತಂದಿದ್ದೇನೆ. ಚೀಟಿಯಲ್ಲಿ ‘ಪ್ರೊಕಂಬೆನ್ಸ್ ನಾನಾ’ ಎಂದಿದೆ. ಕಪ್ಪು ಪ್ಲಾಸ್ಟಿಕ್ ಕುಂಡ, ಹೆಬ್ಬೆರಳಿನಷ್ಟು ದಪ್ಪದ ಕಾಂಡ. ಕೊಂಬೆಗಳು ಎಲ್ಲ ಕಡೆ ಹರಡಿ ಕುಂಡದ ಅಂಚು ದಾಟಿ ಕೆಳಗಿಳಿದಿವೆ. ಇದನ್ನು ಬೋನ್ಸಾಯ್ ಮಾಡಬೇಕು ಅನ್ನುವುದು ಆಸೆ.

ಅಂಗಡಿಯವರು ಮನೆಯೊಳಗೆ ಕಿಟಕಿ ಪಕ್ಕ ಇಡಿ, ವಾರಕ್ಕೊಮ್ಮೆ ನೀರು ಸಾಕು ಎಂದರು. ಸದ್ಯಕ್ಕೆ ಡೆಕ್ ಮೇಲಿದೆ. ಹಿಮ ಬಿದ್ದಾಗ ಒಳಗೆ ತರಬೇಕಾ? ಇನ್ನೊಂದು, ಕೊಂಬೆಗಳನ್ನು ಎತ್ತಿ ನೋಡಿದರೆ ಒಳಗಡೆ ಸ್ವಲ್ಪ ಕಂದು ಎಲೆಗಳಿವೆ. ರೋಗವಾ? ವಿಡಿಯೋಗಳಲ್ಲಿ ಒಂದೇ ಮಧ್ಯಾಹ್ನ ಕತ್ತರಿಸಿ, ತಂತಿ ಸುತ್ತಿ, ಚಪ್ಪಟೆ ಕುಂಡಕ್ಕೆ ಹಾಕಿಬಿಡುತ್ತಾರೆ. ನಾನೂ ಹಾಗೇ ಮಾಡಬಹುದಾ? ಬೆಳ್ಳಗೆ ಒಣಗಿದ ಕೊಂಬೆಗಳು ಇರುತ್ತವಲ್ಲ, ಅದು ನನಗೆ ತುಂಬಾ ಇಷ್ಟ.

ಕುಂಡದ ಕಾಡು:

ನಾನು ಮೇರಿಲ್ಯಾಂಡ್‌ನಲ್ಲಿದ್ದೇನೆ. ನಿಮ್ಮದಕ್ಕಿಂತ ಸ್ವಲ್ಪ ಬೆಚ್ಚಗಿನ ಜಾಗ, ಆದರೂ ಋತುಗಳು ಹೆಚ್ಚುಕಡಿಮೆ ಒಂದೇ. ಜುನಿಪರ್ ಬೆಳೆಸುವುದು ನನಗೆ ಪ್ರಾಣ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲಿಗೆ, ದಯವಿಟ್ಟು ಆ ಗಿಡವನ್ನು ಮನೆಯೊಳಗೆ ತರಬೇಡಿ. ಅಂಗಡಿಯವರು ಹೇಳಿದ್ದು ಮರೆತುಬಿಡಿ. ಜುನಿಪರ್‌ಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು, ಚಳಿಗಾಲದ ನಿದ್ದೆಯೂ ಬೇಕು. ಹೀಟರ್ ಹಾಕಿದ ಮನೆಯಲ್ಲಿ ಎರಡೂ ಸಿಗುವುದಿಲ್ಲ. ಇದರ ಒಂದು ಗುಣ ಹೊಸಬರಿಗೆ ಗೊತ್ತಿರುವುದಿಲ್ಲ: ಬೇರು ಸತ್ತ ಮೇಲೂ ಎಲೆ ವಾರಗಟ್ಟಲೆ ಹಸಿರಾಗಿಯೇ ಇರುತ್ತದೆ. ಕಿಟಕಿ ಪಕ್ಕ ಡಿಸೆಂಬರ್‌ನಲ್ಲಿ ಚೆನ್ನಾಗಿ ಕಂಡ ಗಿಡ ಫೆಬ್ರವರಿಯಲ್ಲಿ ಇದ್ದಕ್ಕಿದ್ದಂತೆ ಒಣಗಿತು ಎನ್ನುತ್ತಾರೆ. ಇದ್ದಕ್ಕಿದ್ದಂತೆ ಏನೂ ಆಗಿರುವುದಿಲ್ಲ. ಅದು ಎಂದೋ ಸತ್ತಿರುತ್ತದೆ.

ಹಿಮಕ್ಕೆ ಹೆದರಬೇಡಿ. ಎಲೆ ಚಳಿಯನ್ನು ತಡೆದುಕೊಳ್ಳುತ್ತದೆ, ಕಾಪಾಡಬೇಕಾದ್ದು ಬೇರನ್ನು. ನವೆಂಬರ್ ಕೊನೆಗೆ ಕುಂಡವನ್ನು ಡೆಕ್‌ನಿಂದ ಇಳಿಸಿ, ಗಾಳಿ ಬಡಿಯದ ಕಡೆ ನೆಲದ ಮೇಲಿಟ್ಟು, ಸುತ್ತ ಅಂಚಿನವರೆಗೂ ಮಲ್ಚ್ (ಮರದ ತೊಗಟೆ ಚೂರು, ಒಣ ಎಲೆಯ ಹೊದಿಕೆ) ತುಂಬಿ. ಮಣ್ಣು ಒಣಗಿದ್ದರೆ, ಹೆಪ್ಪುಗಟ್ಟದ ದಿನ ನೋಡಿ ನೀರು ಹಾಕಿ. ಚಳಿಗೆ ಎಲೆ ಕಂಚಿನ ಬಣ್ಣಕ್ಕೆ ತಿರುಗಬಹುದು, ವಸಂತದಲ್ಲಿ ಮತ್ತೆ ಹಸಿರಾಗುತ್ತದೆ. ಮತ್ತೆ, ವಾರಕ್ಕೊಮ್ಮೆ ನೀರು ಅನ್ನುವ ಲೆಕ್ಕ ಯಾವ ಕಾಲಕ್ಕೂ ಬೇಡ. ಬೆರಳು ಒಂದಿಂಚು ಒಳಗೆ ಹಾಕಿ ನೋಡಿ. ಒಣಗುತ್ತಾ ಬಂದಿದ್ದರೆ ತಳದ ತೂತಿನಿಂದ ಹರಿಯುವಷ್ಟು ಹಾಕಿ, ಇಲ್ಲದಿದ್ದರೆ ಬಿಡಿ.

ಒಳಗಿನ ಕಂದು ಎಲೆ ಈ ತಿಂಗಳಲ್ಲಿ ಸಹಜ. ಹಳೆಯ ಎಲೆ, ಬಿಸಿಲು ತಾಗದ ಎಲೆ ಉದುರುತ್ತದೆ. ತುದಿಗಳು ಕಳೆಗುಂದಿ ಬೂದು ಬಣ್ಣಕ್ಕೆ ಬಂದಿದ್ದರೆ ಮಾತ್ರ ಅನುಮಾನ ಪಡಿ. ಕೊಂಬೆ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿ. ಬಿದ್ದ ಚುಕ್ಕೆಗಳು ಹರಿದಾಡಿದರೆ ಅದು ಜೇಡನುಸಿ, ಎಲೆಯ ರಸ ಹೀರುವ ಪುಟ್ಟ ಜೀವಿ. ಕೋನಿಫರ್‌ಗಳಿಗೆ (ಜುನಿಪರ್, ಪೈನ್ ತರಹದ ಮರಗಳಿಗೆ) ಬರುವ ಒಂದು ಜಾತಿಯ ನುಸಿ ಬೇಸಿಗೆಗಿಂತ ವಸಂತ ಮತ್ತು ಶರತ್ಕಾಲದ ತಂಪಿನಲ್ಲೇ ಜಾಸ್ತಿ, ಅದಕ್ಕೇ ಈಗಲೇ ನೋಡಿ ಅಂದೆ. ಪೈಪಿನಿಂದ ರಭಸವಾಗಿ, ಎಲೆಯ ಅಡಿಯಿಂದ, ಕೆಲವು ದಿನಕ್ಕೊಮ್ಮೆ ನೀರು ಹೊಡೆದರೆ ಬಹಳಷ್ಟು ಹೋಗುತ್ತದೆ.

ಈಗ ಮುಖ್ಯ ವಿಷಯ. ಆ ವಿಡಿಯೋ ತರಹ ಒಂದೇ ಮಧ್ಯಾಹ್ನದಲ್ಲಿ ಮುಗಿಸಬೇಡಿ. ಜುನಿಪರ್‌ನ ಶಕ್ತಿಯೆಲ್ಲ ಹಸಿರಿನಲ್ಲೇ ಇದೆ. ಹಸಿರನ್ನೂ ಕತ್ತರಿಸಿ ಬೇರನ್ನೂ ಕತ್ತರಿಸಿದರೆ ಚೇತರಿಸಿಕೊಳ್ಳಲು ಅದಕ್ಕೆ ಏನು ಉಳಿಯಿತು ಹೇಳಿ? ವಿಡಿಯೋ ಮಾಡಿದವರು ಮುಂದಿನ ವರ್ಷ ಅದೇ ಗಿಡ ತೋರಿಸುತ್ತಾರಾ, ನೋಡಿ. ಒಂದು ವರ್ಷಕ್ಕೆ ಒಂದೇ ದೊಡ್ಡ ಕೆಲಸ. ಈ ಸಲ ಆಕಾರ ಕೊಡಿ, ಕುಂಡ ಮುಟ್ಟಬೇಡಿ. ಮುಂದಿನ ವರ್ಷ ಸುಮ್ನೆ ಬೆಳೆಯಲು ಬಿಡಿ. ಅದರಾಚೆಯ ವಸಂತದಲ್ಲಿ, ಚಿಗುರು ಬರತೊಡಗುವ ಹೊತ್ತಿಗೆ, ಕುಂಡ ಬದಲಾಯಿಸಿ. ಆಗಲೂ ಹಳೆಯ ಮಣ್ಣನ್ನೆಲ್ಲ ತೊಳೆದು ಬೇರು ಬರಿದು ಮಾಡಬಾರದು. ಅರ್ಧ ಭಾಗ ಒಮ್ಮೆ, ಉಳಿದರ್ಧ ಇನ್ನೊಮ್ಮೆ.

ಕತ್ತರಿ ಹಿಡಿಯುವ ಮುಂಚೆ ಮೇಲಿನ ಮಣ್ಣು ಕೆದಕಿ ಕಾಂಡದ ಬುಡ ಹುಡುಕಿ. ನರ್ಸರಿ ಗಿಡಗಳಲ್ಲಿ ಅದು ಒಂದೆರಡು ಇಂಚು ಕೆಳಗೆ ಹೂತಿರುತ್ತದೆ. ಬುಡ ಅಗಲವಾಗಿ ಕಾಣುವ ಕಡೆ ಗಿಡದ ಮುಖ. ಪ್ರೊಕಂಬೆನ್ಸ್ ಜಪಾನಿನ ಕಡಲತೀರದಲ್ಲಿ ನೆಲಕ್ಕೆ ಅಂಟಿ ಹರಡುವ ಜಾತಿ. ಅದನ್ನು ನೆಟ್ಟಗೆ ನಿಲ್ಲಿಸಲು ಹೆಣಗಬೇಡಿ. ಬಂಡೆಯಂಚಿನಿಂದ ಬಾಗಿ ಇಳಿದ ಮರದ ಹಾಗೆ ಬೆಳೆಸಿದರೆ ಅದರ ಚೆಲುವೇ ಬೇರೆ.

ಒಟ್ಟು ಹಸಿರಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ. ಕೊಂಬೆಯ ಅಡಿಗೆ ನೇತಾಡುವುದು, ಕವಲಿನ ಸಂದಿಯಲ್ಲಿ ಒತ್ತಾಗಿ ಹುಟ್ಟಿದ್ದು ತೆಗೆಯಿರಿ. ಆದರೆ ಕಾಂಡದ ಹತ್ತಿರದ ಪುಟ್ಟ ಚಿಗುರುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿ. ಬೋಳು ಕೊಂಬೆಯಲ್ಲಿ ಜುನಿಪರ್ ಮತ್ತೆ ಚಿಗುರುವುದು ಬಲು ಕಷ್ಟ. ಒಂದು ಕೊಂಬೆಯ ಹಸಿರನ್ನೆಲ್ಲ ತೆಗೆದರೆ ಆ ಕೊಂಬೆಯೇ ಹೋದಂತೆ. ತುದಿಗಳನ್ನು ಬೆರಳಲ್ಲಿ ಚಿವುಟುವ ಹಳೇ ಅಭ್ಯಾಸವೂ ಬೇಡ. ಚಿವುಟಿದ ತುದಿ ಕಂದಾಗುತ್ತದೆ, ಗಿಡ ಬಡವಾಗುತ್ತದೆ. ಉದ್ದ ಓಡಿದ್ದನ್ನು ಮಾತ್ರ ಕತ್ತರಿಯಲ್ಲಿ ಬುಡಕ್ಕೆ ತೆಗೆಯಿರಿ.

ತಂತಿಗೆ ಅಲ್ಯೂಮಿನಿಯಂ ಸಾಕು, ಕೊಂಬೆಯ ದಪ್ಪದ ಮೂರನೇ ಒಂದು ಭಾಗದಷ್ಟು. ಓರೆಯಾಗಿ, 45 ಡಿಗ್ರಿ ಕೋನದಲ್ಲಿ ಸುತ್ತಿ. ಬಗ್ಗಿಸುವಾಗ ಸುತ್ತು ಹೊರ ಬಾಗಿನ ಮೇಲೆ ಬರಲಿ, ಆಗ ಮುರಿಯುವುದು ಕಡಿಮೆ. ಚಳಿಗಾಲ ಎದುರಿಗಿದೆ, ಈಗ ಹಗುರವಾಗಿ ಬಗ್ಗಿಸಿ. ತೀರಾ ದಪ್ಪನೆಯದನ್ನು ಚಳಿಗಾಲದ ಕೊನೆಗೆ ಇಟ್ಟುಕೊಳ್ಳಿ. ತೊಗಟೆಗೆ ಕಚ್ಚುತ್ತಿದೆ ಅನ್ನಿಸಿದ ದಿನವೇ ತಂತಿ ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ, ಬಿಚ್ಚಲು ಹೋಗಬೇಡಿ.

ಬಿಳಿ ಒಣಮರಕ್ಕೆ ಜಪಾನಿ ಹೆಸರು ಜಿನ್. ಬೇಡದ ಕೊಂಬೆಯನ್ನು ಬುಡಸಮೇತ ಕತ್ತರಿಸದೆ ಎರಡು ಮೂರು ಇಂಚು ಮೋಟು ಉಳಿಸಿದರೆ ಮುಂದೆ ಅದೇ ಜಿನ್ ಆಗುತ್ತದೆ.

ಜಯನಗರ ತಾರಸಿ:

ತುಂಬಾ ಚೆನ್ನಾಗಿ ಬರೆದಿದ್ದೀರಿ. ಬೆಂಗಳೂರಿನಿಂದ ಓದುವವರಿಗೆ ಒಂದು ಮಾತು ಸೇರಿಸುತ್ತೇನೆ. ಇಲ್ಲಿ ಮಲ್ಚ್, ಹಿಮ ಯಾವುದೂ ಇಲ್ಲ. ನಮ್ಮ ಶತ್ರು ಮಳೆಗಾಲ. ಕೆಂಪುಮಣ್ಣು, ಕೋಕೋಪೀಟ್ ತುಂಬಿದ ಕುಂಡದಲ್ಲಿ ಜುಲೈ ತಿಂಗಳ ಜಡಿಮಳೆಗೆ ಬೇರು ಕೊಳೆಯುತ್ತದೆ. ನಾನು ಜರಡಿ ಹಿಡಿದ ಇಟ್ಟಿಗೆ ಚೂರು ಮತ್ತು ಪ್ಯೂಮಿಸ್ (ತೂತುತೂತಾದ ಹಗುರ ಜ್ವಾಲಾಮುಖಿ ಕಲ್ಲು) ಜಾಸ್ತಿ ಹಾಕುತ್ತೇನೆ, ಧೂಳನ್ನೆಲ್ಲ ಸೋಸಿ ತೆಗೆದು. ಮಳೆ ಬಿಡದಿದ್ದರೆ ಕುಂಡದ ಒಂದು ಬದಿಗೆ ಮರದ ತುಂಡು ಕೊಟ್ಟು ಓರೆ ಮಾಡುತ್ತೇನೆ, ನಿಂತ ನೀರು ಇಳಿದುಹೋಗುತ್ತದೆ.

ಜುನಿಪರ್ ಮೇಲೇ ಮನಸ್ಸು ಇದ್ದರೆ ಸರಿ. ಇಲ್ಲವಾದರೆ ಕಲಿಯಲು ನಮ್ಮ ಹವೆಗೆ ಅತ್ತಿ, ಬಸರಿ, ಗೋಣಿ ಒಳ್ಳೆಯವು. ಬೋಳು ಕೊಂಬೆಯಲ್ಲೂ ಚಿಗುರುತ್ತವೆ. ಮೈಸೂರಿನ ದತ್ತಪೀಠದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ತೋಟದಲ್ಲಿ ನಮ್ಮ ಕಡೆಯ ಮರಗಳನ್ನು ಕುಂಡದಲ್ಲಿ ನೋಡಬಹುದು.

ಎಡಿಸನ್ ಕನ್ನಡತಿ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕಾಗದ ಹಿಡಿದು ತಟ್ಟಿದೆ, ಬರೀ ಧೂಳು ಬಿತ್ತು. ಮಣ್ಣು ಕೆದಕಿದರೆ ನಿಜಕ್ಕೂ ಕೆಳಗೆ ಅಗಲವಾದ ಬುಡ ಇದೆ! ಎರಡು ಸಂಶಯ. ಮೋಟು ಉಳಿಸಿದ ಮೇಲೆ ಬಿಳಿ ಬಣ್ಣ ಹೇಗೆ ಬರುತ್ತದೆ? ಇಲ್ಲಿ ಹತ್ತಿರದಲ್ಲಿ ಒಳ್ಳೆಯ ಜುನಿಪರ್ ಎಲ್ಲಿ ನೋಡಬಹುದು?

ಕುಂಡದ ಕಾಡು:

ನುಸಿ ಇಲ್ಲ ಅಂದಿರಲ್ಲ, ಸಮಾಧಾನ ಆಯಿತು.

ಮೋಟಿನ ತೊಗಟೆ ಸುಲಿದು, ತುದಿಯನ್ನು ಇಕ್ಕಳದಲ್ಲಿ ಹಿಡಿದು ನಾರು ನಾರಾಗಿ ಸೀಳಿ ಎಳೆಯಿರಿ. ಚಾಕುವಿನಲ್ಲಿ ಕೆತ್ತಿದ್ದು ಪೆನ್ಸಿಲ್ ಚೂಪು ಮಾಡಿದ ಹಾಗೆ ಕಾಣುತ್ತದೆ, ಸೀಳಿದ್ದು ಸಿಡಿಲು ಬಡಿದ ಮರದ ಹಾಗೆ. ಅದು ಚೆನ್ನಾಗಿ ಒಣಗಿದ ಮೇಲೆ, ಮುಂದಿನ ಬೇಸಿಗೆಯಲ್ಲಿ, ಮರವನ್ನು ಸ್ವಲ್ಪ ಒದ್ದೆ ಮಾಡಿ ಲೈಮ್ ಸಲ್ಫರ್ (ಸುಣ್ಣ, ಗಂಧಕದ ದ್ರಾವಣ) ಹಚ್ಚಿ. ಮೊದಲು ಹಳದಿ ಇರುತ್ತದೆ, ಬಿಸಿಲಿಗೆ ಒಣಗುತ್ತಾ ಬೆಳ್ಳಗಾಗುತ್ತದೆ. ಮರ ಕೊಳೆಯದಂತೆಯೂ ತಡೆಯುತ್ತದೆ. ಕೊಳೆತ ಮೊಟ್ಟೆಯ ವಾಸನೆ, ಹೊರಗಡೆಯೇ ಮಾಡಿ. ಕೈಗವಸು, ಕನ್ನಡಕ ಹಾಕಿಕೊಳ್ಳಿ, ಕುಂಡದ ಮಣ್ಣಿಗೆ ಪ್ಲಾಸ್ಟಿಕ್ ಹೊದಿಸಿ.

ನೋಡಲು ನಿಮಗೆ ಹತ್ತಿರ ಬ್ರೂಕ್ಲಿನ್ ಬೊಟಾನಿಕ್ ಗಾರ್ಡನ್. ಅಲ್ಲಿನ ಬೋನ್ಸಾಯ್ ಸಂಗ್ರಹ 1925ರಲ್ಲೇ ಶುರುವಾದದ್ದು. ಆದರೆ ಒಮ್ಮೆ ವಾಷಿಂಗ್ಟನ್‌ಗೆ ಬನ್ನಿ, ನ್ಯಾಷನಲ್ ಅರ್ಬೊರೀಟಮ್‌ನ ಬೋನ್ಸಾಯ್ ಮ್ಯೂಸಿಯಂಗೆ. 1976ರಲ್ಲಿ ಜಪಾನ್ ಅಮೆರಿಕಕ್ಕೆ 53 ಬೋನ್ಸಾಯ್‌ಗಳನ್ನು ಉಡುಗೊರೆ ಕೊಟ್ಟಿತಲ್ಲ, ಅಲ್ಲಿಂದ ಬೆಳೆದ ಜಾಗ. ಹೆಸರಾಂತ ಬೋನ್ಸಾಯ್ ಕಲಾವಿದ ಜಾನ್ ನಾಕಾ ಅವರ ‘ಗೋಶಿನ್’ ಎಂಬ ಕುಂಡದ ಕಾಡು ಅಲ್ಲೇ ಇದೆ. ಒಂದೇ ತಟ್ಟೆಯಲ್ಲಿ ಹನ್ನೊಂದು ಜುನಿಪರ್, ಅವರ ಒಬ್ಬೊಬ್ಬ ಮೊಮ್ಮಗುವಿಗೆ ಒಂದೊಂದು ಮರ. ಅದರ ಮುಂದೆ ನಿಂತಾಗ ಎತ್ತರದ ಬೆಳ್ಳನೆಯ ಜಿನ್‌ಗಳನ್ನು ಗಮನಿಸಿ. ಹಸಿರಿನ ನಡುವೆ ಎಲ್ಲಿ ಖಾಲಿ ಬಿಟ್ಟಿದ್ದಾರೆ ಅನ್ನುವುದನ್ನೂ ನೋಡಿ, ಬೆಳಕು ಒಳಗಿನ ಚಿಗುರಿನವರೆಗೂ ಇಳಿಯುತ್ತದೆ.

ಮೊದಲ ಕೊಂಬೆ ತೆಗೆಯುವ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೆದು ಇಲ್ಲಿ ಹಾಕಿ. ಯಾವುದು ಉಳಿಸಬೇಕು ಅಂತ ಒಟ್ಟಿಗೆ ನೋಡೋಣ.